ಹಕ್ಕಿಗಳು ಹೊರಟ ದಿನ: ವಲಸೆಯ ದಾಖಲೆಗಳನ್ನು ಕುರಿತು ಒಂದು ವಿಚಾರ

ಶಾಸನ, ನಾಣ್ಯ, ಕೈಫಿಯತ್ತು, ದಫ್ತರದ ಕಾಗದಪತ್ರ ಇವು ಚರಿತ್ರಕಾರನ ಆಕರಗಳೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಇಂಥ ದಿನ, ಇಂಥ ಕೆರೆಯಲ್ಲಿ, ಇಂಥ ಹಕ್ಕಿಯನ್ನು ಕಂಡೆವೆಂದು ಯಾರೋ ಒಬ್ಬರು ಬರೆದಿಟ್ಟ ಸಾಲನ್ನು ಈ ಪಟ್ಟಿಗೆ ಸೇರಿಸುವವರು ವಿರಳ. ಅದು ಪ್ರಾಣಿಶಾಸ್ತ್ರದವರ ಸೊತ್ತೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಆ ಸಾಲನ್ನು ಬಿಡಿಸಿ ನೋಡಿದರೆ ಅದರಲ್ಲಿರುವುದು ಕಾಲ, ಸ್ಥಳ, ವಿಷಯ ಮತ್ತು ಸಾಕ್ಷಿ. ನಮ್ಮ ದಾನಶಾಸನಗಳಲ್ಲಿರುವುದೂ ಇವೇ. ತೇದಿಯಿಲ್ಲದ ಶಾಸನವನ್ನು ನಾವು ಹೇಗೆ ಸಂಶಯದಿಂದ ಓದುತ್ತೇವೆಯೋ ಹಾಗೆಯೇ ತೇದಿಯಿಲ್ಲದ ಹಕ್ಕಿಯ ಸುದ್ದಿಯನ್ನೂ ಓದಬೇಕಾಗುತ್ತದೆ. ತೇದಿಯಿರುವ ಸಾಲು ಸಿಕ್ಕಿದಾಗ ಅದನ್ನು ಕಡೆಗಣಿಸುವುದು ಯಾವ ನ್ಯಾಯವೋ ನಾವರಿಯೆವು.

ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಈ ಬಗೆಯ ದಾಖಲೆಗಳಲ್ಲಿರುವ ಒಂದು ಕೊರತೆಯನ್ನು. ಚಳಿಗಾಲದ ಕೊನೆ ಮತ್ತು ವಸಂತದ ಮೊದಲು, ಎಂದರೆ ಸುಮಾರಾಗಿ ಫೆಬ್ರವರಿಯಿಂದ ಏಪ್ರಿಲ್ ತಿಂಗಳ ಮೊದಲ ಭಾಗದವರೆಗೆ, ಯೂರೋಪಿನ ಉತ್ತರ ದೇಶಗಳಿಗೆ ಹಕ್ಕಿಗಳು ಮರಳಲು ತೊಡಗುವ ಕಾಲ. ನಮಗೆ ಅದು ಹಿಮಾಲಯದಾಚೆಯಿಂದ ಬಂದ ಹಕ್ಕಿಗಳು ಹೊರಟುಹೋಗುವ ಕಾಲ. ಬಂದದ್ದನ್ನು ಬರೆಯುವುದು ಸುಲಭ. ಹೊಸ ಅತಿಥಿ ಒಂದು ಬೆಳಗ್ಗೆ ಕಣ್ಣಿಗೆ ಬೀಳುತ್ತದೆ, ನೋಡಿದವನು ಬರೆದುಕೊಳ್ಳುತ್ತಾನೆ. ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹದಿನೈದು ದಿನ ಕಳೆದ ಮೇಲೆ, ಅರೆ, ಈಚೆಗೆ ಕಾಣಲಿಲ್ಲವಲ್ಲ ಎಂಬ ನೆನಪು ಮಾತ್ರ ಉಳಿಯುತ್ತದೆ. ಆದ್ದರಿಂದ ಆಗಮನದ ದಾಖಲೆಗಳು ಬೆಳೆದಷ್ಟು ನಿರ್ಗಮನದ ದಾಖಲೆಗಳು ಎಲ್ಲಿಯೂ ಬೆಳೆಯಲಿಲ್ಲ. ಈ ಅಸಮತೆಯಿಂದ ಹುಟ್ಟಿದ ತಪ್ಪು ಕಲ್ಪನೆಗಳು ಅನೇಕ; ಅವುಗಳಲ್ಲಿ ಒಂದು ನಮ್ಮ ಮಲೆನಾಡಿಗೇ ಸಂಬಂಧಿಸಿದುದು.

ಮೊದಲು ಇಂಗ್ಲೆಂಡಿನ ಸಂಗತಿ. ನಾರ್ಫೋಕ್ ಸೀಮೆಯ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಹಳ್ಳಿಯ ಜಮೀನ್ದಾರ ರಾಬರ್ಟ್ ಮಾರ್ಷಮ್ (1708-1797) ಮರಗಳನ್ನು ಬೆಳೆಸುವುದರಲ್ಲಿ ಬಹಳ ಆಸಕ್ತನಾಗಿದ್ದವನು. 1736ರಿಂದ ಮೊದಲ್ಗೊಂಡು ಆತ ವಸಂತದ ಗುರುತುಗಳನ್ನು ವರ್ಷ ವರ್ಷವೂ ಬರೆದಿಟ್ಟನು. ಯಾವ ಮರ ಎಂದು ಚಿಗುರಿತು, ಕಪ್ಪೆ ಎಂದು ಕೂಗಿತು, ಅಂಬರಗುಬ್ಬಿ ಎಂದು ಕಾಣಿಸಿತು, ಕುಕ್ಕೂ ಮತ್ತು ನೈಟಿಂಗೇಲ್ ಹಕ್ಕಿಗಳ ದನಿ ಎಂದು ಮೊದಲು ಕೇಳಿತು ಎಂಬಿವೇ ಮೊದಲಾದ 27 ಗುರುತುಗಳು ಅವನ ಪಟ್ಟಿಯಲ್ಲಿವೆ. 1789ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಪಟ್ಟಿಯನ್ನು ಇಡಲಾಯಿತು. ಅವನ ತರುವಾಯ ಅವನ ವಂಶದವರು, ನಡುವೆ ಕೆಲವು ಕಾಲ ಬಿಟ್ಟುಹೋದರೂ, 1958ರವರೆಗೆ ಇದನ್ನು ಮುಂದುವರಿಸಿದರು. ಒಂದೇ ಮನೆತನ ಇಷ್ಟು ದೀರ್ಘ ಕಾಲ ಹಿಡಿದ ಕೆಲಸವನ್ನು ಬಿಡದಿದ್ದುದು ಶ್ಲಾಘ್ಯವಾದದ್ದು. ಇಂದಿನ ಹವಾಗುಣದ ಅಧ್ಯಯನಕ್ಕೆ ಅದು ಎಷ್ಟು ಉಪಯುಕ್ತವಾಗಿದೆ ಎಂಬುದನ್ನು ವಿಜ್ಞಾನಿಗಳು ತೋರಿಸಿದ್ದಾರೆ.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಇಂಗ್ಲೆಂಡಿನಲ್ಲಿ 1752ನೆಯ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿ ಹಳೆಯ ಪಂಚಾಂಗವನ್ನು ಕೈಬಿಟ್ಟರು. ಅದಕ್ಕಿಂತ ಹಿಂದಿನ ಯಾವುದೇ ಟಿಪ್ಪಣಿಯಲ್ಲಿ ಅಂಬರಗುಬ್ಬಿ ಏಪ್ರಿಲ್ ಮೊದಲಲ್ಲೇ ಬಂತೆಂದು ಕಂಡರೆ, ಅದು ಯಾವ ಪಂಚಾಂಗದ ಏಪ್ರಿಲ್ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಹಕ್ಕಿ ಬೇಗ ಬಂತೆಂದಾಗಲಿ ತಡವಾಗಿ ಬಂತೆಂದಾಗಲಿ ಹೇಳಲಾಗದು. ಹನ್ನೊಂದು ದಿನಗಳ ವ್ಯತ್ಯಾಸ ವಲಸೆಯ ಲೆಕ್ಕದಲ್ಲಿ ಅಲ್ಪವಲ್ಲ.

ಮಾರ್ಷಮನ ಪಟ್ಟಿಯಲ್ಲಿರುವ ವಲಸೆ ಹಕ್ಕಿಗಳೆಲ್ಲ ಬಂದವು. ಹೋದವುಗಳಿಗೆ ಅಲ್ಲಿ ಅಂಕಣವಿಲ್ಲ. ವಸಂತದ ಗುರುತುಗಳನ್ನು ಬರೆಯ ಹೊರಟವನಿಂದ ಅದನ್ನು ಅಪೇಕ್ಷಿಸುವುದೂ ತರವಲ್ಲ. ಆದರೆ ಆ ಶತಮಾನದ ವಿದ್ವಾಂಸರ ಒಂದು ದೊಡ್ಡ ವಿವಾದ ಈ ಖಾಲಿ ಅಂಕಣದಲ್ಲೇ ಬೆಳೆಯಿತು. ಶರತ್ಕಾಲ ಕಳೆದ ಮೇಲೆ ಅಂಬರಗುಬ್ಬಿಗಳು ಎಲ್ಲಿಗೆ ಹೋಗುತ್ತವೆ? ಅವು ಪೊಟರೆಗಳಲ್ಲಿ ಅಡಗಿ ಚಳಿಗಾಲವನ್ನು ಕಳೆಯುತ್ತವೆ ಎಂಬ ನಂಬಿಕೆ ಅರಿಸ್ಟಾಟಲನ ಕಾಲದಷ್ಟು ಹಳೆಯದು. ಕೆರೆಗಳ ತಳದ ಕೆಸರಿನಲ್ಲಿ ಮಲಗಿರುತ್ತವೆಂದೂ ಕೆಲವರು ನಂಬಿದ್ದರು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶ 1772ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಲಸೆಯ ವಾದವನ್ನು ಕಠಿಣವಾಗಿ ಪ್ರಶ್ನಿಸಿದನು. ಅವನ ವಾದದಲ್ಲಿ ನ್ಯಾಯಾಲಯದ ಛಾಯೆಯಿದೆ: ಹಕ್ಕಿಗಳು ಸಮುದ್ರ ದಾಟುವುದನ್ನು ಕಣ್ಣಾರೆ ಕಂಡ ಸಾಕ್ಷಿಗಳೆಲ್ಲಿ ಎಂದು ಅವನು ಕೇಳುತ್ತಾನೆ. ಸಾಕ್ಷಿಗಳು ಕಡಿಮೆಯಿದ್ದರೆಂಬುದು ನಿಜವೇ.

ಇವನ ಪತ್ರಮಿತ್ರನಾದ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ (1720-1793) ಹಕ್ಕಿಗಳನ್ನು ಕಂಡಷ್ಟು ಆ ಕಾಲದಲ್ಲಿ ಕಂಡವರು ಕೆಲವರೇ. ಮಾರ್ಷಮನಿಗೂ ವೈಟನಿಗೂ ಕೊನೆಗಾಲದಲ್ಲಿ ಪತ್ರವ್ಯವಹಾರ ನಡೆಯಿತು. ವೈಟನ ತಮ್ಮನೊಬ್ಬನು ಜಿಬ್ರಾಲ್ಟರಿನಲ್ಲಿದ್ದು, ಹಕ್ಕಿಗಳು ಜಲಸಂಧಿಯನ್ನು ದಾಟುವುದನ್ನು ನೋಡಿ ಅಣ್ಣನಿಗೆ ತಿಳಿಸಿದ್ದನು. ಇಷ್ಟು ಪ್ರಬಲವಾದ ಸಾಕ್ಷ್ಯ ಕೈಯಲ್ಲಿದ್ದರೂ, ಕೆಲವು ಅಂಬರಗುಬ್ಬಿಗಳಾದರೂ ಇಂಗ್ಲೆಂಡಿನಲ್ಲಿಯೇ ಅವಿತಿರಬಹುದೆಂಬ ಶಂಕೆಯನ್ನು ವೈಟ್ ಕೊನೆಯವರೆಗೂ ಬಿಡಲಿಲ್ಲ. ಗುಂಪು ಹೊರಟಿತೆಂದುಕೊಂಡ ಎಷ್ಟೋ ದಿನಗಳ ಮೇಲೆ ಒಂದೆರಡು ಹಕ್ಕಿಗಳು ಅವನಿಗೆ ಕಾಣಿಸುತ್ತಿದ್ದವು. ಅವು ಎಲ್ಲಿದ್ದವು, ಎಲ್ಲಿಂದ ಬಂದವು ಎಂಬುದಕ್ಕೆ ಉತ್ತರವಿರಲಿಲ್ಲ. ಉತ್ತರದಿಂದ ತಡವಾಗಿ ಹೊರಟು ದಾರಿಯಲ್ಲಿ ತಂಗುವ ಹಕ್ಕಿಗಳೂ ಇರುತ್ತವೆಂಬುದನ್ನು ಒಂದೇ ಊರಿನಲ್ಲಿ ಕುಳಿತವನು ಅರಿಯುವ ಬಗೆಯೆಂತು? ವೈಟನನ್ನು ಹಳಿಯುವವರು ಇದನ್ನು ಮರೆಯಬಾರದು. ಅವನ ಕಣ್ಣು ತಪ್ಪಲಿಲ್ಲ. ಅವನಿಗಿದ್ದುದು ಒಂದೇ ಊರಿನ ದಫ್ತರ.

ಕೊನೆಗೆ ಸಾಕ್ಷ್ಯ ದೊರೆತದ್ದು ವಿಚಿತ್ರವಾದ ರೀತಿಯಲ್ಲಿ. 1822ರ ವಸಂತದಲ್ಲಿ ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರಾಂತ್ಯದ ಕ್ಲ್ಯೂಟ್ಸ್ ಎಂಬ ಊರಿನ ಬಳಿ ಕೊಂದ ಒಂದು ಬಿಳಿ ಕೊಕ್ಕರೆಯ ಕೊರಳಿನಲ್ಲಿ ಆಫ್ರಿಕದ ಈಟಿಯೊಂದು ನಾಟಿಕೊಂಡಿತ್ತು. ಅದು ಇಂದಿಗೂ ರೋಸ್ಟಾಕ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದೆ. 1899ರಲ್ಲಿ ಡೆನ್ಮಾರ್ಕಿನ ವೀಬೋರ್ ಪಟ್ಟಣದ ಉಪಾಧ್ಯಾಯ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸೆನ್ 165 ಕಬ್ಬಕ್ಕಿಗಳ ಕಾಲಿಗೆ ಅಂಕೆಯುಳ್ಳ ಅಲ್ಯೂಮಿನಿಯಂ ಉಂಗುರಗಳನ್ನು ತೊಡಿಸಿ ಬಿಟ್ಟಮೇಲೆ, ಹಕ್ಕಿಯೇ ತನ್ನ ದಾಖಲೆಯನ್ನು ಹೊತ್ತು ತಿರುಗುವಂತಾಯಿತು.

ಉಂಗುರದ ಕಥೆಗಿಂತ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಅಮೆರಿಕದ ವೆಲ್ಸ್ ಕುಕ್ ಎಂಬಾತನ ಕೆಲಸ. ಈತನೂ ಉಪಾಧ್ಯಾಯನೇ, ಮಿನೆಸೋಟದಲ್ಲಿ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. 1881-82ರ ಚಳಿಗಾಲದಲ್ಲಿ ಮಿಸಿಸಿಪಿ ಕಣಿವೆಯ ಉದ್ದಕ್ಕೂ ಇದ್ದ ಪಕ್ಷಿಪ್ರಿಯರಿಗೆ ಬರೆದು, ಅವರವರ ಊರಿನಲ್ಲಿ ಕಂಡ ಹಕ್ಕಿಗಳ ತೇದಿಗಳನ್ನು ತರಿಸಿಕೊಳ್ಳಲಾರಂಭಿಸಿದನು. ಮುಂದೆ ಈ ಕೆಲಸವನ್ನು ಸರ್ಕಾರವೇ ವಹಿಸಿಕೊಂಡು 1970ರವರೆಗೆ ನಡೆಸಿತು. ಸೇರಿದ ಚೀಟಿಗಳು ಸುಮಾರು 60 ಲಕ್ಷ. ನಮ್ಮ ಗಮನವನ್ನು ಸೆಳೆದದ್ದು ಸಂಖ್ಯೆಯಲ್ಲ, ಬರೆಯುವವರಿಗೆ ಕಳುಹಿಸುತ್ತಿದ್ದ ನಮೂನೆ. ಅದರಲ್ಲಿ ಮೊದಲು ಕಂಡದ್ದೆಂದು, ಮತ್ತೆ ಕಂಡದ್ದೆಂದು, ಸಾಮಾನ್ಯವಾದದ್ದೆಂದು ಎಂಬ ಅಂಕಣಗಳ ತರುವಾಯ, ಕಡೆಯದಾಗಿ ಕಂಡದ್ದೆಂದು ಎಂಬ ಅಂಕಣವೂ ಇದ್ದಿತು. ಮಾರ್ಷಮನಲ್ಲಿ ಇಲ್ಲದಿದ್ದ ಪ್ರಶ್ನೆಯನ್ನು ಕುಕ್ ಕೇಳಿದನು. ಹಾಗಿದ್ದೂ ಕಡೆಯದಾಗಿ ಕಂಡ ದಿನಕ್ಕೂ ಹೊರಟ ದಿನಕ್ಕೂ ಅಂತರವಿದ್ದೇ ಇರುತ್ತದೆ. ನೋಡುವವನು ದಿನವೂ ಹೋಗುತ್ತಿದ್ದನೇ, ವಾರಕ್ಕೊಮ್ಮೆ ಹೋಗುತ್ತಿದ್ದನೇ ಎಂಬುದನ್ನು ಅವಲಂಬಿಸಿ ಆ ಅಂತರ ಒಂದು ದಿನವಾಗಬಹುದು, ಒಂದು ತಿಂಗಳೂ ಆಗಬಹುದು.

ಇನ್ನು ನಮ್ಮ ನಾಡಿನ ವಿಚಾರ. ನಮ್ಮಲ್ಲಿ ದಾಖಲೆಯಿಲ್ಲವೆಂದರೆ ಕೂಡಲೇ ಕಾವ್ಯದ ಕಡೆಗೆ ಬೆರಳು ತೋರಿಸುವವರಿದ್ದಾರೆ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಮೇಘದೊಡನೆ ಮಾನಸ ಸರೋವರದ ಕಡೆಗೆ ಹೊರಡುವುದು ಆಷಾಢದಲ್ಲಿ. ಹಂಸವೆಂಬುದು ಪಟ್ಟೆತಲೆಯ ಹೆಬ್ಬಾತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದು ಟಿಬೆಟ್ಟು, ಲಡಾಖು, ಮಂಗೋಲಿಯಗಳ ಸರೋವರಗಳಲ್ಲಿ ಮರಿಮಾಡುವ ಹಕ್ಕಿಯೆಂಬುದು ನಿಶ್ಚಿತ. ಆದರೆ ಹೆಬ್ಬಾತುಗಳು ನಮ್ಮ ಬಯಲುಗಳನ್ನು ಬಿಡುವುದು ಮಾರ್ಚ್ ತಿಂಗಳ ಸುಮಾರಿಗೆ. ಆಷಾಢದ ವೇಳೆಗೆ ಅವು ಅಲ್ಲಿ ಮರಿಗಳೊಡನಿರುತ್ತವೆ. ಕವಿಸಮಯವನ್ನು ದಾಖಲೆಯೆಂದು ಹಿಡಿದರೆ ಮೂರು ತಿಂಗಳ ತಪ್ಪಾಗುತ್ತದೆ. ಕೋಗಿಲೆಯದೂ ಇಂಥದೇ ಕಥೆ. ವಸಂತ ಬಂದೊಡನೆ ಕೋಗಿಲೆ ಬಂತೆನ್ನುವುದು ನಮ್ಮ ವಾಡಿಕೆ. ಅದು ಎಲ್ಲಿಂದಲೂ ಬರುವುದಿಲ್ಲ. ಚಳಿಗಾಲವೆಲ್ಲ ಇಲ್ಲಿಯೇ ಇದ್ದು ಮೌನವಾಗಿರುತ್ತದೆ, ಮಾರ್ಚ್ ಹೊತ್ತಿಗೆ ಕೂಗಲು ತೊಡಗುತ್ತದೆ. ಕೇಳಿದ್ದು ಬೇರೆ, ಕಂಡದ್ದು ಬೇರೆ, ಇದ್ದದ್ದು ಬೇರೆ. ಕಾವ್ಯದ ಸೊಗಸಿಗೆ ಇದರಿಂದ ಕುಂದಿಲ್ಲ. ಅದನ್ನು ಬಳಸುವ ಚರಿತ್ರಕಾರನಿಗೆ ಮಾತ್ರ ವಿವೇಕ ಬೇಕು.

ಸ್ಥಳನಾಮಗಳು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಣ ಮರಗಳಲ್ಲಿ ಗೂಡು ಕಟ್ಟುವುದು ಪ್ರಸಿದ್ಧವಾಗಿದೆ. ಉತ್ತರದ ಅತಿಥಿಗಳು ಹೊರಡುವ ತಿಂಗಳುಗಳಲ್ಲಿಯೇ ಈ ಊರಿನ ಗೂಡುಗಳು ತುಂಬಿರುತ್ತವೆ. ಊರಿನ ಹೆಸರು ಹಕ್ಕಿಯ ಇರವನ್ನು ಸಾರುತ್ತದೆ; ಬಂದ ಹೋದ ತೇದಿಗಳನ್ನು ಹೇಳುವ ಶಕ್ತಿ ಅದಕ್ಕಿಲ್ಲ.

ತೇದಿಯುಳ್ಳ ಬರಹ ನಮ್ಮಲ್ಲಿ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಡನ್ನನ ಭಾರತದ ಪಕ್ಷಿಗಳನ್ನು ಕುರಿತ ಗ್ರಂಥ 1862-64ರಲ್ಲಿ ಪ್ರಕಟವಾಯಿತು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನೆಂದು ನಮ್ಮ ವಿದ್ಯಾರ್ಥಿಗಳು ಬಲ್ಲ ಎ. ಓ. ಹ್ಯೂಮ್, 1870ರ ದಶಕದಲ್ಲಿ ಪಕ್ಷಿಗಳಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿ ದೇಶದ ಮೂಲೆಮೂಲೆಗಳಿಂದ ಟಿಪ್ಪಣಿಗಳನ್ನು ತರಿಸಿಕೊಂಡನು. ಬಹು ವರ್ಷಗಳಿಂದ ಸೇರಿಸಿಟ್ಟಿದ್ದ ಅವನ ಹಸ್ತಪ್ರತಿಗಳು, 1880ರ ದಶಕದ ನಡುಗಾಲದಲ್ಲಿ ಅವನು ಮನೆಯಲ್ಲಿಲ್ಲದ ವೇಳೆ ಸಿಮ್ಲಾದ ಪೇಟೆಯಲ್ಲಿ ರದ್ದಿಕಾಗದವಾಗಿ ಮಾರಾಟವಾಗಿಹೋದವು. ಅದರ ತರುವಾಯ ಮನಸ್ಸು ಮುರಿದು ತನ್ನ ಹಕ್ಕಿಚರ್ಮಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಿಬಿಟ್ಟನು. ದಫ್ತರಗಳು ಗೆದ್ದಲಿಗೂ ತಕ್ಕಡಿಗೂ ಬಲಿಯಾದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇದೂ ಅದೇ ಸಾಲಿನದು. ಚರ್ಮಗಳ ಚೀಟಿಯಲ್ಲಿ ಹಕ್ಕಿಯನ್ನು ಹೊಡೆದ ದಿನ ಉಳಿದಿದೆ. ಅದು ಆ ದಿನ ಅಲ್ಲಿತ್ತೆಂಬುದಕ್ಕೆ ಸಾಕ್ಷಿ. ಆ ಸೀಮೆಯನ್ನು ಅದರ ಜೊತೆಯವು ಎಂದು ಬಿಟ್ಟವೆಂಬುದನ್ನು ಚೀಟಿ ಹೇಳಲಾರದು.

ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಸಲೀಂ ಅಲಿ ಅವರು ನಡೆಸಿದ್ದು 1939-40ರಲ್ಲಿ. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಅವರ ಪ್ರೇರಣೆಯಿಂದಲೇ. ಆ ಸಮೀಕ್ಷೆಯ ಬೆಲೆಯನ್ನು ಎಷ್ಟು ಹೇಳಿದರೂ ಸಾಲದು. ಆದರೆ ಸಮೀಕ್ಷೆಯೆಂಬುದು ಒಂದೊಂದು ಬಿಡಾರದಲ್ಲಿ ಕೆಲವು ದಿನ ತಂಗಿ ಮುಂದೆ ಸಾಗುವ ಕೆಲಸ. ಇರುವುದನ್ನು ತೋರಿಸುವುದು ಅದರ ಧರ್ಮ, ಹೊರಟದ್ದನ್ನು ಕಾದು ನೋಡುವುದಲ್ಲ. ಇದಾದ ಹದಿನೇಳು ವರ್ಷಗಳಲ್ಲಿ ಆ ಕಾದು ನೋಡಿದ ದಾಖಲೆಯ ಅವಶ್ಯಕತೆ ತಲೆದೋರಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಣ ಹಳ್ಳಿಗಳ ಜನ ಘೋರವಾದ ಜ್ವರಕ್ಕೆ ತುತ್ತಾದರು. ಜನ ಅದನ್ನು ಮಂಗನ ಕಾಯಿಲೆಯೆಂದರು. ವೈದ್ಯಗ್ರಂಥಗಳಲ್ಲಿ ಅದಕ್ಕೆ ಕಾಡಿನ ಹೆಸರೇ ನಿಂತಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದರ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ, ಅದು ರಷ್ಯದಲ್ಲಿ ವಸಂತ ಮತ್ತು ಬೇಸಗೆಗಳಲ್ಲಿ ಕಾಣಿಸುವ, ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಸಂಬಂಧಿಯೆಂದು ತಿಳಿಯಿತು. ಅಷ್ಟು ದೂರದ್ದು ಮಲೆನಾಡಿಗೆ ಬಂದದ್ದು ಹೇಗೆ? ಸೈಬೀರಿಯದ ಕಡೆಯಿಂದ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಇದರಲ್ಲಿ ಆಸಕ್ತಿ ವಹಿಸಿತು. ಅದರ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು, ಸಲೀಂ ಅಲಿ ಅವರ ನೇತೃತ್ವದಲ್ಲಿ, ವಲಸೆ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವ ಮತ್ತು ಮೈಮೇಲಿನ ಉಣುಗುಗಳನ್ನು ಆರಿಸುವ ಕೆಲಸವನ್ನು ಕೈಗೊಂಡರು. ಭಾರತದಲ್ಲಿ ವಲಸೆಯ ವ್ಯವಸ್ಥಿತವಾದ ಅಧ್ಯಯನ ಬೆಳೆದದ್ದು ಹೀಗೆ, ಮಲೆನಾಡಿನ ಬಡಜನರ ಜ್ವರದ ನಿಮಿತ್ತದಿಂದ. ಮುಂದೆ ಅಮೆರಿಕದ ಸೈನ್ಯದ ಹಣವೂ ಇದಕ್ಕೆ ಸೇರಿ, 1970ರ ದಶಕದಲ್ಲಿ ಅನುಮಾನಗಳೆದ್ದವು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ನೆರವಿನ ಸಂಶೋಧನೆಗಳನ್ನು ಪರಿಶೀಲಿಸಿದಾಗ ಇದನ್ನೂ ಪರಿಶೀಲಿಸಿತು. ಆ ಪ್ರಕರಣ ಪ್ರತ್ಯೇಕ ಲೇಖನಕ್ಕೆ ತಕ್ಕುದಾದದ್ದು.

ನಾವು ಇಲ್ಲಿ ಗಮನಿಸಬೇಕಾದದ್ದು ಕಾಲದ ಹೊಂದಿಕೆಯನ್ನು. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಕಾಡುತ್ತದೆ. ವಲಸೆ ಹಕ್ಕಿಗಳು ನಮ್ಮಲ್ಲಿರುವುದೂ ಬಹುಮಟ್ಟಿಗೆ ಆ ತಿಂಗಳುಗಳಲ್ಲಿಯೇ. ಒಟ್ಟಿಗಿರುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ತೋರುವುದು ಸಹಜ. ಇವನ್ನು ಬೇರ್ಪಡಿಸಬೇಕಾದರೆ, ಸೊರಬ, ಸಾಗರಗಳ ಕಾಡುಗಳನ್ನು ಯಾವ ಹಕ್ಕಿ ಎಂದು ಬಿಡುತ್ತದೆ, ಹಕ್ಕಿ ಹೋದಮೇಲೂ ಕಾಯಿಲೆ ಹೊಸದಾಗಿ ಏಳುತ್ತದೆಯೆ ಎಂಬುದನ್ನು ಊರೂರಿನ ತೇದಿಗಳಿಂದ ತೋರಿಸಬೇಕಾಗಿತ್ತು. 1957ಕ್ಕೆ ಹಿಂದಿನ ಅಂಥ ದಾಖಲೆ ಇರಲಿಲ್ಲ. ಹಕ್ಕಿಗಳೇ ಕಾಯಿಲೆಯನ್ನು ತಂದವೆಂಬುದಕ್ಕೆ ಪುರಾವೆ ಕೊನೆಗೂ ದೊರೆಯಲಿಲ್ಲ. ವೈರಸ್ಸು ಮೊದಲಿಂದಲೂ ಕಾಡಿನ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ ಇದ್ದು, ಕಾಡು ಕಡಿದು ದನ ಮೇಯಿಸುತ್ತ ಜನ ಒಳಹೊಕ್ಕಾಗ ಅವರಿಗೆ ತಗುಲಿತೆಂಬ ಅಭಿಪ್ರಾಯವೇ ಬಲವಾಯಿತು. ಮಳೆಗಾಲ ಕಳೆದ ಮೇಲೆ ಮರಿ ಉಣುಗುಗಳು ಹೆಚ್ಚುವುದರಿಂದ ಕಾಯಿಲೆಗೆ ಆ ಋತು. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಇದರ ಅತಿ ನಿಕಟ ಸಂಬಂಧಿಯಾದ ವೈರಸ್ಸು ಕಾಣಿಸಿಕೊಂಡು, ಮುಗಿದಂತಿದ್ದ ಪ್ರಶ್ನೆ ಸ್ವಲ್ಪ ಮತ್ತೆ ತೆರೆದಿದೆ. ಅಡಗಿ ಮಲಗುವ ಅಂಬರಗುಬ್ಬಿಯ ಕಲ್ಪನೆ ವಿದ್ವಾಂಸರ ಕಾಲವನ್ನಷ್ಟೇ ತಿಂದಿತು. ಇಲ್ಲಿ ಊಹೆಯ ಮರೆಯಲ್ಲಿದ್ದುದು ಮನುಷ್ಯರ ಪ್ರಾಣ.

ಈಚೆಗೆ ಪರಿಸ್ಥಿತಿ ಸುಧಾರಿಸಿದೆ. ನೀರುಹಕ್ಕಿಗಳ ಏಷ್ಯಾ ಗಣತಿ 1987ರಿಂದ ನಡೆದುಬಂದಿದೆಯಾದರೂ ಅದು ಜನವರಿಯದು. ಮಾರ್ಚ್ ಬಗ್ಗೆ ಅದು ಏನನ್ನೂ ಹೇಳದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಮೈಗ್ರಂಟ್‌ವಾಚ್ ಯೋಜನೆ ಸಾಮಾನ್ಯ ಜನರಿಂದಲೇ ವಲಸೆಯ ತೇದಿಗಳನ್ನು ಕೇಳಿತು. ಇಂದು ಸಾವಿರಾರು ಮಂದಿ ಇ-ಬರ್ಡ್ ಎಂಬ ಸಾರ್ವಜನಿಕ ದಫ್ತರಕ್ಕೆ ತಮ್ಮ ಪಟ್ಟಿಗಳನ್ನು ಸೇರಿಸುತ್ತಿದ್ದಾರೆ. ಕಂಡು ಗುರುತಿಸಿದ ಹಕ್ಕಿಗಳೆಲ್ಲವನ್ನೂ ಬರೆದಿದ್ದೀರಾ ಎಂದು ಅದು ಪ್ರತಿಯೊಬ್ಬನನ್ನೂ ಕೇಳುತ್ತದೆ. ಹೌದೆಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಆ ದಿನ ಅವನಿಗೆ ಕಾಣಲಿಲ್ಲವೆಂಬುದೂ ದಾಖಲಾಯಿತು. ಹೋದೆವು, ನೋಡಿದೆವು, ಇರಲಿಲ್ಲ ಎಂಬ ಸಾಲಿಗೆ ಹೀಗೆ ಮೊದಲ ಬಾರಿಗೆ ಬೆಲೆ ಬಂದಂತಾಗಿದೆ.

ಈ ಲೇಖನಕ್ಕೆ ಕಾರಣವಾದ ನಮ್ಮದೊಂದು ಸಣ್ಣ ಪ್ರಯತ್ನವನ್ನೂ ಇಲ್ಲಿ ಹೇಳಬೇಕು. ಚಳಿಗಾಲದಲ್ಲಿ ಹೆಬ್ಬಾತುಗಳು ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಬರುವಂತೆ ಮೈಸೂರು ಜಿಲ್ಲೆಯ ಕೆರೆಗಳಿಗೂ ಬರುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಇಲ್ಲಿ ಕಂಡದ್ದುಂಟು. ನಂಜನಗೂಡು ತಾಲ್ಲೂಕಿನ ಒಂದು ಕೆರೆಯ ಏರಿಯ ಮೇಲೆ ನಿಂತು, ಮೂರು ವರ್ಷ, ಚರಿತ್ರೆಯ ವಿದ್ಯಾರ್ಥಿಗಳೊಡನೆ ವಾರಕ್ಕೊಮ್ಮೆ ಅವುಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆದೆವು. ಆಕರವನ್ನು ಹುಡುಕುವ ವಿದ್ಯಾರ್ಥಿ ಒಮ್ಮೆ ಆಕರವನ್ನು ಸೃಷ್ಟಿಸಿಯೂ ನೋಡಲೆಂಬುದು ನಮ್ಮ ಉದ್ದೇಶವಾಗಿತ್ತು. ಮೂರನೆಯ ವರ್ಷ ಪುಸ್ತಕವನ್ನು ತಿರುವಿ ನೋಡಿದಾಗ ನಾಚಿಕೆಯಾಯಿತು. ಮೂರು ವರ್ಷವೂ ಕೊನೆಯ ನಮೂದು ಮಾರ್ಚ್ ತಿಂಗಳ ಮೊದಲ ವಾರದ್ದು, ಮೂರರಲ್ಲಿಯೂ ಹೆಬ್ಬಾತುಗಳು ಇನ್ನೂ ಕೆರೆಯಲ್ಲಿವೆ. ಅಲ್ಲಿಂದ ಮುಂದೆ ಪರೀಕ್ಷೆ, ಮೌಲ್ಯಮಾಪನಗಳ ಗಡಿಬಿಡಿ. ನಮ್ಮ ಪುಸ್ತಕದಲ್ಲಿ ದಾಖಲಾಗಿರುವುದು ಹಕ್ಕಿಗಳು ಹೊರಟ ದಿನವಲ್ಲ, ನಾವು ಹೋಗುವುದನ್ನು ನಿಲ್ಲಿಸಿದ ದಿನ.

ಆ ಕೆರೆಯ ಬಯಲಿನಲ್ಲಿ ದಿನವೂ ದನ ಮೇಯಿಸುವ ಹಿರಿಯರೊಬ್ಬರನ್ನು ಮರುವರ್ಷ ವಿಚಾರಿಸಿದೆವು. "ದೊಡ್ಡಜಾತ್ರೆ ತೇರೆಳೆಯೋ ಹೊತ್ಗೆ ಯಾವ ವರ್ಸಾನೂ ಒಂದೂ ಇರ್ನಿಲ್ಲ ಮೇಷ್ಟ್ರೇ" ಎಂದರು. ನಂಜನಗೂಡಿನ ದೊಡ್ಡಜಾತ್ರೆ ತಿಥಿಯನ್ನನುಸರಿಸಿ ನಡೆಯುವುದರಿಂದ ಮಾರ್ಚ್, ಏಪ್ರಿಲ್‌ಗಳಲ್ಲಿ ಹಿಂದೆ ಮುಂದೆ ಸರಿಯುತ್ತದೆ. ನಮ್ಮ ಹಬ್ಬಗಳಲ್ಲಿ ಹೆಚ್ಚಿನವೂ ಹಾಗೆಯೇ. 2023ರಲ್ಲಿ ಯುಗಾದಿ ಮಾರ್ಚ್ 22ರಂದು, 2024ರಲ್ಲಿ ಏಪ್ರಿಲ್ 9ರಂದು ಬಂತು. ಹಕ್ಕಿಗಳಾದರೋ ಹಗಲಿನ ಉದ್ದವನ್ನೂ ಹವೆಯನ್ನೂ ಅನುಸರಿಸುವುವು. ಅಧಿಕಮಾಸದ ಗೊಡವೆ ಅವುಗಳಿಗಿಲ್ಲ. ಆದುದರಿಂದ ಹಿರಿಯರ ಮಾತನ್ನು ಹೊರಟ ದಿನವೆಂದು ತೆಗೆದುಕೊಳ್ಳುವಂತಿಲ್ಲ. ಆದರೆ ಅವರ ನೆನಪಿನ ವರ್ಷಗಳಲ್ಲಿ ಎಲ್ಲಕ್ಕಿಂತ ಮುಂಚಿತವಾಗಿ ಬಂದ ಜಾತ್ರೆ ಯಾವುದೆಂದು ಪಂಚಾಂಗಗಳಿಂದ ತೆಗೆದರೆ, ಅದಕ್ಕೆ ಈಚೆಗೆ ಹೆಬ್ಬಾತುಗಳು ಕೆರೆಯಲ್ಲಿ ಉಳಿದಿರಲಿಲ್ಲವೆಂಬ ಕಡೆಯ ಗೆರೆಯೊಂದು ದೊರೆಯುತ್ತದೆ. ತೇದಿಯಿಲ್ಲದ ಶಾಸನಕ್ಕೆ ನಾವು ಕಾಲವನ್ನು ಕಟ್ಟುವುದೂ ಈ ಕ್ರಮದಿಂದಲೇ. ಹಳೆಯ ಪಂಚಾಂಗಗಳನ್ನು ತರಿಸಿ ವಿದ್ಯಾರ್ಥಿಗಳು ಆ ಲೆಕ್ಕವನ್ನು ಈಗ ಮಾಡುತ್ತಿದ್ದಾರೆ. ಹಿರಿಯರ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು, ಷರಾ ಅಂಕಣದಲ್ಲಿ "ಕೇಳಿದ್ದು, ಕಂಡದ್ದಲ್ಲ" ಎಂದು ನಮೂದಿಸಿದ್ದೇವೆ.